ಐಲ್ಯಾಂಡ್ ಟ್ರೀಸ್ ಶಾಲಾ ಮಂಡಳಿ ವಿರುದ್ಧ ಪಿಕೊ

ಐಲ್ಯಾಂಡ್ ಟ್ರೀಸ್ ಶಾಲಾ ಮಂಡಳಿ ವಿರುದ್ಧ ಪಿಕೊ ಎಂಬುದು ಅಮೆರಿಕ ಸಂಯುಕ್ತ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವು 1982ರ ಜೂನ್ 25ರಂದು ತೀರ್ಪು ನೀಡಿದ ಮೊಕದ್ದಮೆ. ಶಾಲಾ ಗ್ರಂಥಾಲಯದಲ್ಲಿರುವ ಪುಸ್ತಕಗಳನ್ನು ಅವುಗಳಲ್ಲಿನ ವಿಚಾರಗಳು ಒಪ್ಪಿಗೆಯಾಗಲಿಲ್ಲ ಎಂಬ ಕಾರಣಕ್ಕೆ ಆಡಳಿತ ಮಂಡಳಿಯು ತೆಗೆಸಬಹುದೇ ಎಂಬುದು ಇದರ ಮುಖ್ಯ ಪ್ರಶ್ನೆಯಾಗಿತ್ತು.

ಹಿನ್ನೆಲೆ

ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡ್‌ನಲ್ಲಿರುವ ಈ ಶಾಲಾ ಜಿಲ್ಲೆಯ ಮಂಡಳಿ ಸದಸ್ಯರಲ್ಲಿ ಮೂವರು 1975ರಲ್ಲಿ ಪೋಷಕರ ಸಂಘಟನೆಯೊಂದರ ಸಮ್ಮೇಳನದಿಂದ ಆಕ್ಷೇಪಾರ್ಹ ಪುಸ್ತಕಗಳ ಪಟ್ಟಿಗಳನ್ನು ಪಡೆದುಬಂದರು. ಮರುವರ್ಷ ಮಂಡಳಿಯು ಅಂತಹ ಪುಸ್ತಕಗಳನ್ನು ಕಪಾಟುಗಳಿಂದ ತೆಗೆಸಿತು. ಅವು ಅಮೆರಿಕ ವಿರೋಧಿ, ಕ್ರೈಸ್ತ ವಿರೋಧಿ, ಯೆಹೂದಿ ವಿರೋಧಿ ಹಾಗೂ ಅಶ್ಲೀಲ ಎಂಬುದು ಅದರ ಸಮರ್ಥನೆಯಾಗಿತ್ತು. ಕರ್ಟ್ ವಾನಗಟ್‌ನ 'ಸ್ಲಾಟರ್‌ಹೌಸ್-ಫೈವ್', ರಿಚರ್ಡ್ ರೈಟ್‌ನ 'ಬ್ಲ್ಯಾಕ್ ಬಾಯ್', ಬರ್ನಾರ್ಡ್ ಮಾಲಮಡ್‌ನ 'ದ ಫಿಕ್ಸರ್', ಡೆಸ್ಮಂಡ್ ಮಾರಿಸ್‌ನ 'ದ ನೇಕೆಡ್ ಏಪ್' ಅವುಗಳಲ್ಲಿ ಸೇರಿದ್ದವು.

ಪೋಷಕರು ಮತ್ತು ಶಾಲಾ ಸಿಬ್ಬಂದಿಯನ್ನೊಳಗೊಂಡ ಪರಿಶೀಲನಾ ಸಮಿತಿಯು ಐದು ಪುಸ್ತಕಗಳನ್ನು ಉಳಿಸಿಕೊಳ್ಳಲು, ಎರಡನ್ನು ತೆಗೆಯಲು ಶಿಫಾರಸು ಮಾಡಿತು. ಆದರೂ ಮಂಡಳಿಯು ಒಂದನ್ನು ನಿರ್ಬಂಧವಿಲ್ಲದೆ, ಇನ್ನೊಂದನ್ನು ಪೋಷಕರ ಒಪ್ಪಿಗೆಯ ಷರತ್ತಿನ ಮೇಲೆ ಮರಳಿಸಿ, ಉಳಿದ ಒಂಬತ್ತನ್ನು ನಿಷೇಧಿಸಿತು. 1977ರಲ್ಲಿ ಸ್ಟೀವನ್ ಪಿಕೊ ಮತ್ತು ಇತರ ನಾಲ್ವರು ವಿದ್ಯಾರ್ಥಿಗಳು ದಾವೆ ಹೂಡಿದರು. ಜಿಲ್ಲಾ ನ್ಯಾಯಾಲಯವು ವಿಚಾರಣೆ ನಡೆಸದೆಯೇ ಮಂಡಳಿಯ ಪರವಾಗಿ ತೀರ್ಪಿತ್ತಿತು. ಮೇಲ್ಮನವಿ ನ್ಯಾಯಾಲಯವು ಅದನ್ನು ರದ್ದುಪಡಿಸಿತು.

ತೀರ್ಪು

ಸರ್ವೋಚ್ಚ ನ್ಯಾಯಾಲಯವು 5–4ರ ಅಂತರದಲ್ಲಿ ವಿದ್ಯಾರ್ಥಿಗಳ ಪರವಾಗಿ ನಿಂತಿತು. ಸಂವಿಧಾನದ ಮೊದಲನೆಯ ತಿದ್ದುಪಡಿಯು ವಿಚಾರಗಳನ್ನು ಪಡೆಯುವ ಹಕ್ಕನ್ನೂ ಒಳಗೊಳ್ಳುತ್ತದೆ ಎಂದು ನ್ಯಾಯಮೂರ್ತಿ ವಿಲಿಯಂ ಬ್ರೆನನ್ ಅಭಿಪ್ರಾಯಪಟ್ಟರು. ಅವರ ಪ್ರಕಾರ ನಿರ್ಣಾಯಕವಾದುದು ಮಂಡಳಿಯ ಉದ್ದೇಶ: ವಿಚಾರಗಳನ್ನು ಹತ್ತಿಕ್ಕಲು ಪುಸ್ತಕ ತೆಗೆಯುವುದು ಸಂವಿಧಾನಬಾಹಿರ, ಪುಸ್ತಕದ ತುಂಬ ಅಸಭ್ಯತೆಯಿದ್ದರೆ ಅಥವಾ ಅದು ಶಿಕ್ಷಣಕ್ಕೆ ತಕ್ಕುದಲ್ಲದಿದ್ದರೆ ತೆಗೆಯಬಹುದು. ಪಠ್ಯಕ್ರಮಕ್ಕೂ ಹೊಸ ಪುಸ್ತಕಗಳ ಖರೀದಿಗೂ ಈ ಅಭಿಪ್ರಾಯ ಅನ್ವಯಿಸುವುದಿಲ್ಲ.

ಇಂತಹ ನಿರ್ಧಾರಗಳು ನ್ಯಾಯಾಧೀಶರಿಗಲ್ಲ, ಚುನಾಯಿತ ಸ್ಥಳೀಯ ಮಂಡಳಿಗಳಿಗೆ ಸೇರಿದವು ಎಂದು ಮುಖ್ಯ ನ್ಯಾಯಮೂರ್ತಿ ವಾರೆನ್ ಬರ್ಗರ್ ಭಿನ್ನಮತದಲ್ಲಿ ವಾದಿಸಿದರು.

ಪರಿಣಾಮ ಮತ್ತು ಮಿತಿ

ವಿಚಾರಣೆಯನ್ನು ಮುಂದುವರಿಸುವ ಬದಲು ಮಂಡಳಿಯು ಪುಸ್ತಕಗಳನ್ನು ಗ್ರಂಥಾಲಯಕ್ಕೆ ಮರಳಿಸಲು ನಿರ್ಧರಿಸಿತು.

ಐದನೆಯ ಮತ ನೀಡಿದ ನ್ಯಾಯಮೂರ್ತಿ ಬೈರನ್ ವೈಟ್ ಸತ್ಯಾಂಶಗಳ ವಿಚಾರಣೆ ನಡೆಯಲಿ ಎಂದಷ್ಟೇ ಹೇಳಿ, ಸಾಂವಿಧಾನಿಕ ಪ್ರಶ್ನೆಗೆ ಉತ್ತರಿಸಲಿಲ್ಲ. ಹೀಗಾಗಿ ಬ್ರೆನನ್‌ರ ಅಭಿಪ್ರಾಯಕ್ಕೆ ಬಹುಮತದ ಬಲ ದೊರೆಯಲಿಲ್ಲ. ಈ ಕೊರತೆಯ ಪರಿಣಾಮ ಮುಂದೆಯೂ ಕಾಣಿಸಿಕೊಂಡಿತು: ಟೆಕ್ಸಾಸ್‌ನ ಲ್ಯಾನೊ ಕೌಂಟಿಯ ಸಾರ್ವಜನಿಕ ಗ್ರಂಥಾಲಯದ ಮೊಕದ್ದಮೆಯಲ್ಲಿ ಐದನೆಯ ವಲಯದ ಮೇಲ್ಮನವಿ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ, ಪುಸ್ತಕ ತೆಗೆದುದನ್ನು ಓದುಗರು ಈ ಹಕ್ಕಿನ ಆಧಾರದಲ್ಲಿ ಪ್ರಶ್ನಿಸಲಾಗದು ಎಂದು ತೀರ್ಪಿತ್ತಿತು.