ಅರ್ಧ ಅಂಗುಲದ ತಪ್ಪು

ಸೇತುವೆ ಬಿದ್ದಿತೆಂದರೆ ನಮ್ಮ ಬಾಯಿಗೆ ಮೊದಲು ಬರುವ ಮಾತು ತುಕ್ಕು. ಆಮೇಲೆ ಪ್ರವಾಹ, ಕಂಟ್ರಾಕ್ಟರನ ಕೈಚಳಕ. ನಾನು ಕನ್ನಡದ ಮೇಷ್ಟ್ರು, ಉಕ್ಕಿನ ಗುಣವನ್ನು ಬಲ್ಲವನಲ್ಲ. ಆದರೂ ಅಮೆರಿಕದ ಮಿನಿಯಾಪೊಲಿಸ್ ನಗರದ ಸೇತುವೆಯೊಂದರ ಕಥೆಯನ್ನು ಓದುತ್ತ ಹೋದಂತೆ, ಇದು ನನ್ನ ಕಸುಬಿಗೂ ಸೇರಿದ್ದೆಂದು ತೋರಿತು.

೨೦೦೭ನೆಯ ಇಸವಿ ಆಗಸ್ಟ್ ೧. ಸಂಜೆ ಆರು ಗಂಟೆ ಐದು ನಿಮಿಷ. ಕಚೇರಿ ಬಿಟ್ಟ ಜನ ಮನೆ ಸೇರುವ ಹೊತ್ತು. ಮಿಸಿಸಿಪ್ಪಿ ನದಿಯ ಮೇಲಣ ಹೆದ್ದಾರಿ ಸೇತುವೆಯ ನಡುಭಾಗ ಕೆಲವೇ ಕ್ಷಣಗಳಲ್ಲಿ ಕಳಚಿ ನೀರಿಗೆ ಬಿದ್ದಿತು. ನೂರಕ್ಕೂ ಹೆಚ್ಚು ವಾಹನಗಳು ಅದರೊಡನೆ ಕುಸಿದವು. ೧೩ ಮಂದಿ ಸತ್ತರು. ೧೪೫ ಮಂದಿಗೆ ಗಾಯವಾಯಿತು. ಮಕ್ಕಳು ತುಂಬಿದ್ದ ಶಾಲಾ ಬಸ್ಸೊಂದು ಕುಸಿದ ರಸ್ತೆಯ ಅಂಚಿನ ತಡೆಗೋಡೆಗೆ ಒರಗಿ ನಿಂತಿತು. ಅದರಲ್ಲಿದ್ದವರೆಲ್ಲ ಬದುಕಿಕೊಂಡರು.

ಗುಮಾನಿಗೆ ಕಾರಣಗಳೇನೂ ಕಡಿಮೆಯಿರಲಿಲ್ಲ. ೧೯೬೭ರಲ್ಲಿ ಸಂಚಾರಕ್ಕೆ ತೆರೆದ ಸೇತುವೆ. ಅಲ್ಲಲ್ಲಿ ತುಕ್ಕು, ಬಿರುಕು. ಪರೀಕ್ಷಕರು ವರ್ಷವರ್ಷವೂ ಬಂದು ದೋಷಗಳನ್ನು ಬರೆದುಕೊಂಡು ಹೋಗಿದ್ದರು. ಸಾಲದುದಕ್ಕೆ, ಮುಖ್ಯ ಅಂಗವೊಂದು ಸೋತರೆ ಅದರ ಭಾರವನ್ನು ಹೊರಲು ಮತ್ತೊಂದಿಲ್ಲದ ರಚನೆ ಅದು.

ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ೨೦೦೮ರ ನವೆಂಬರಿನಲ್ಲಿ ಹೇಳಿದ್ದೇ ಬೇರೆ. ಉಕ್ಕಿನ ತೊಲೆಗಳು ಕೂಡುವ ಗಂಟಿನಲ್ಲಿ ಎರಡು ಪಕ್ಕದಿಂದಲೂ ಹೊಂದಿಸಿ ರಿವೆಟ್ಟು ಹೊಡೆದ ಪ್ಲೇಟುಗಳಿರುತ್ತವೆ. ಅವಕ್ಕೆ ಗಸೆಟ್ ಪ್ಲೇಟೆಂದು ಹೆಸರು. ಅಟ್ಟದ ತೊಲೆಗಳು ಸೇರುವಲ್ಲಿ ಬಡಗಿ ಬಡಿಯುವ ಕಬ್ಬಿಣದ ಪಟ್ಟಿಯ ಹಾಗೆ. ತೊಲೆ ಎಷ್ಟೇ ದಪ್ಪವಿರಲಿ, ಭಾರ ಒಂದರಿಂದ ಮತ್ತೊಂದಕ್ಕೆ ದಾಟುವುದು ಇದರ ಮೂಲಕವೇ. ಇಲ್ಲಿಯ ಕೆಲವು ಗಂಟುಗಳಲ್ಲಿ ಪ್ಲೇಟಿನ ದಪ್ಪ ಅರ್ಧ ಅಂಗುಲ. ಬೇಕಾಗಿದ್ದುದು ಸುಮಾರು ಅದರ ಎರಡರಷ್ಟು. ನಕ್ಷೆಯಲ್ಲಿಯೇ ಹಾಗಿತ್ತು. ಕಟ್ಟಿದವರು ನಕ್ಷೆಯಂತೆಯೇ ಕಟ್ಟಿದ್ದರು. ಆ ಪ್ಲೇಟುಗಳ ಲೆಕ್ಕದ ಹಾಳೆಗಳು ಹಳೆಯ ಕಡತದಲ್ಲಿ ಸಿಗಲೇ ಇಲ್ಲ.

ಓಲೆಗರಿ ಓದಿದವರಿಗೆ ಇದು ಹೊಸದಲ್ಲ. ಮೂಲಪ್ರತಿಯಲ್ಲೇ ತಪ್ಪಿದ್ದರೆ, ಮುಂದಿನ ಲಿಪಿಕಾರ ಎಷ್ಟು ಶ್ರದ್ಧೆಯಿಂದ ನಕಲು ಮಾಡಿದರೂ ಅದು ತಪ್ಪೇ. ಅಕ್ಷರ ದುಂಡಗಿದ್ದಷ್ಟೂ ಸಂಶಯ ಕಡಿಮೆ.

ಹಾಗಾದರೆ ನಲವತ್ತು ವರ್ಷ ನಿಂತದ್ದು ಹೇಗೆ? ಯಾವ ಕಟ್ಟಡಕ್ಕಾದರೂ ಬೇಕಾದುದಕ್ಕಿಂತ ಕೊಂಚ ಹೆಚ್ಚಿನ ಬಲ ಕೊಟ್ಟಿರುತ್ತಾರಷ್ಟೆ. ಆ ಮಿಗಿಲೇ ಇದನ್ನು ಹೊತ್ತಿತ್ತು. ಅದನ್ನೂ ನಿಧಾನವಾಗಿ ಖರ್ಚು ಮಾಡಿದರು. ೧೯೭೭ರಲ್ಲಿ ರಸ್ತೆಯ ಮೇಲೆ ಎರಡಂಗುಲ ಕಾಂಕ್ರೀಟು ಹಾಕಿದರು. ೧೯೯೮ರಲ್ಲಿ ತಡೆಗೋಡೆಗಳನ್ನು ಬದಲಿಸಿದಾಗ ಇನ್ನಷ್ಟು ಭಾರ ಕೂಡಿತು. ಆ ದಿನವಂತೂ ರಿಪೇರಿಗೆಂದು ತಂದ ಜಲ್ಲಿ, ಮರಳು, ಯಂತ್ರ, ಎಲ್ಲ ಸೇರಿ ಸುಮಾರು ೨೬೦ ಟನ್ನು, ಬಲಹೀನವಾದ ಗಂಟಿನ ನೇರಕ್ಕೇ ಬಂದು ಕುಳಿತಿತ್ತು. ಸೇತುವೆ ಎಷ್ಟು ಹೊರಬಲ್ಲದೆಂದು ನಡುನಡುವೆ ಲೆಕ್ಕ ಹಾಕಿದ್ದುಂಟು. ಆಗ ತೊಲೆಗಳನ್ನು ಎಣಿಸಿದರು, ಪ್ಲೇಟುಗಳನ್ನು ಎಣಿಸಲಿಲ್ಲ. ಪ್ಲೇಟು ತೊಲೆಗಿಂತ ಗಟ್ಟಿಯೆಂಬುದು ಎಲ್ಲರ ನಂಬಿಕೆ.

ನನ್ನ ನಿದ್ದೆ ಕೆಡಿಸಿದ್ದು ೨೦೦೩ರ ಫೋಟೋಗಳು. ಪ್ಲೇಟಿನ ಅಂಚು ಬಾಗಿರುವುದು ಅವುಗಳಲ್ಲಿ ಕಾಣುತ್ತದೆ. ಬಾಗನ್ನು ಕಂಡವರೂ ಇದ್ದರು. ಕಟ್ಟುವಾಗಲೇ ಹೀಗಾಗಿರಬೇಕೆಂದುಕೊಂಡು ಮುಂದಕ್ಕೆ ಹೋದರು. ಕರಡು ತಿದ್ದುವಾಗ ಗೊತ್ತಿರುವ ಪದವನ್ನು ಕಣ್ಣು ದಾಟಿಹೋಗುವುದಿಲ್ಲವೇ, ಹಾಗೆ.

ಅದೇ ಜಾಗದಲ್ಲಿ ಹೊಸ ಸೇತುವೆ ೨೦೦೮ರ ಸೆಪ್ಟೆಂಬರ್ ೧೮ರಂದು ತೆರೆಯಿತು. ದೇಶದ ಇತರ ಉಕ್ಕಿನ ಸೇತುವೆಗಳಲ್ಲಿ ಇನ್ನು ಮುಂದೆ ಗಸೆಟ್ ಪ್ಲೇಟುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಸೂಚನೆ ಹೊರಟಿತು.