ಹೆಮಿ, ಪದ್ಮಿನಿ ಮತ್ತು ಬೆಂಗಳೂರಿಗೆ ಬಾರದ ಕಾರ್ಖಾನೆ

ಅಮೆರಿಕದ ಮಸಲ್ ಕಾರು ಅಂದ ಕೂಡಲೇ ನೆನಪಾಗೋದು ಹಾಲಿವುಡ್ ಸಿನಿಮಾಗಳಲ್ಲಿ ಟೈರು ಉಜ್ಜಿ ಹೊಗೆ ಎಬ್ಬಿಸುವ ಮಸ್ಟಾಂಗು, ಚಾರ್ಜರುಗಳು. ಆದರೆ ಆ ಕಾರುಗಳನ್ನು ಹುಟ್ಟಿಸಿದ್ದರಲ್ಲಿ ರೇಸಿನ ನಿಯಮ ಪುಸ್ತಕದ ಪಾಲು ದೊಡ್ಡದು. ಆ ಕಥೆಗೆ ನಮ್ಮ ಬೆಂಗಳೂರಿನ ಎಳೆಯೂ ಒಂದು ತಗುಲಿಕೊಂಡಿದೆ ಅಂದ್ರೆ ನಂಬ್ತೀರಾ?

ಮೊದಲು ಅಮೆರಿಕಕ್ಕೆ ಹೋಗಿ ಬರೋಣ, ವೀಸಾ ಬೇಕಿಲ್ಲ :)

ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಕಳ್ಳಭಟ್ಟಿ ಸಾಗಿಸುವವರು ಪೋಲೀಸರ ಕೈಗೆ ಸಿಗಬಾರದು ಅಂತ ಮಾಮೂಲಿ ಕಾರುಗಳ ಎಂಜಿನ್ ಬಿಚ್ಚಿ ತಿದ್ದಿ ಓಡಿಸ್ತಿದ್ರು. ಇಂಥವರಲ್ಲಿ ಹಲವರು ಆಮೇಲೆ ರೇಸಿಗೆ ಇಳಿದರು. 1949ರ ಜೂನ್ 19ರಂದು ನ್ಯಾಸ್ಕಾರ್ ಸಂಸ್ಥೆ ಷಾರ್ಲೆಟ್ ಊರಿನಲ್ಲಿ ಒಂದು ರೇಸ್ ಇಟ್ಟಿತು. ಷರತ್ತು ಇಷ್ಟೇ: ಜನ ಶೋರೂಮಿನಲ್ಲಿ ಕೊಳ್ಳುವ ಕಾರನ್ನೇ ಓಡಿಸಬೇಕು. ನಾಲ್ಕು ಬಾಗಿಲಿನ ಮನೆ ಕಾರುಗಳೂ ರೇಸಿಗೆ ಬಂದವು.

ಈ ಷರತ್ತಿನ ಮಹಿಮೆ ಗೊತ್ತಾಗಿದ್ದು 1964ರಲ್ಲಿ. ಆ ವರ್ಷದ ಡೇಟೋನಾ 500 ರೇಸಿನಲ್ಲಿ ಕ್ರೈಸ್ಲರ್ ಕಂಪನಿಯ ಪ್ಲಿಮತ್ ಕಾರುಗಳೇ ಮೊದಲ ಮೂರೂ ಸ್ಥಾನ ಹೊಡೆದವು. ಗೆದ್ದವನು ರಿಚರ್ಡ್ ಪೆಟ್ಟಿ. ಕಾರಿನೊಳಗಿದ್ದದ್ದು 426 ಘನ ಇಂಚಿನ, ಅಂದರೆ ಸುಮಾರು 7 ಲೀಟರಿನ ಹೆಮಿ ಎಂಜಿನ್. "ಇದನ್ನು ಜನರಿಗೆ ಮಾರ್ತಾನೇ ಇಲ್ವಲ್ಲ" ಅಂತ ತಕರಾರು ಎದ್ದು, 1965ಕ್ಕೆ ಹೆಮಿ ನಿಷೇಧವಾಯ್ತು. ಕ್ರೈಸ್ಲರ್ ಏನು ಮಾಡ್ತು? 1966ಕ್ಕೆ ಅದೇ ಎಂಜಿನ್ನನ್ನು ಸ್ವಲ್ಪ ಸಾಧು ಮಾಡಿ ಶೋರೂಮಿಗೇ ತಂದಿಟ್ಟಿತು! ಅದೇ ವರ್ಷ ಟ್ರಾನ್ಸ್-ಆಮ್ ಅನ್ನೋ ಸೆಡಾನ್ ರೇಸ್ ಸರಣಿ ಶುರುವಾಯ್ತು. ಅಲ್ಲಿ ಎಂಜಿನ್ 5 ಲೀಟರ್ ಮೀರುವಂತಿರಲಿಲ್ಲ. ಆ ಮಿತಿಯೊಳಗೆ ಕೂರಲಿ ಅಂತಲೇ ಷೆವ್ರೊಲೆ ಕಂಪನಿ 302 ಘನ ಇಂಚಿನ ಎಂಜಿನ್ ಹಾಕಿ ಕ್ಯಾಮರೋ ಜೀ/28 ಮಾಡಿತು. ರೇಸಿನ ನಿಯಮ ಬದಲಾದರೆ ಬೀದಿಯ ಕಾರೂ ಬದಲಾಗ್ತಿತ್ತು.

ವಿಮೆ ದರ, ಹೊಗೆಯ ಕಾನೂನು, ಕೊನೆಗೆ 1973ರ ತೈಲ ಬಿಕ್ಕಟ್ಟು ಸೇರಿ ಆ ಯುಗ ಮುಗೀತು.

ಈಗ ಬೆಂಗಳೂರಿಗೆ ವಾಪಸ್. ಮೇಲಿನ ಕಥೆಯ ನಾಯಕ ಕ್ರೈಸ್ಲರ್ ಕಂಪನಿಯ ಕಾರುಗಳು ನಮ್ಮ ಮೈಸೂರು ಸಂಸ್ಥಾನದಲ್ಲೇ ತಯಾರಾಗಬೇಕು ಅಂತ ಒಂದು ಯೋಜನೆ ಇತ್ತು. ಎಪ್ಪತ್ತು ದಾಟಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು, ಅಮೆರಿಕ ಸುತ್ತಿ, ಕಾರು ತಯಾರಕರನ್ನು ಕಂಡು, ಕಾರ್ಖಾನೆಯ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡರು. ಫೋರ್ಡ್ ಒಲ್ಲೆ ಅಂದಿತು, ಕ್ರೈಸ್ಲರ್ ಒಪ್ಪಿತು. ದಿವಾನ್ ಮಿರ್ಜಾ ಇಸ್ಮಾಯಿಲರ ಸರ್ಕಾರ ನೆರವಿಗೆ ತಯಾರಿತ್ತು. ಆದರೆ ದೆಹಲಿಯ ಬ್ರಿಟಿಷ್ ಸರ್ಕಾರ ಯುದ್ಧದ ನೆಪ ಹೇಳಿ ಅಡ್ಡಗಾಲು ಹಾಕಿತು.

ತಮಾಷೆ ಏನು ಗೊತ್ತಾ? ಇದೇ ಕಾರಿನ ಕೆಲಸಕ್ಕೆ 1939ರಲ್ಲಿ ಅಮೆರಿಕಕ್ಕೆ ಹೋದಾಗಲೇ ವಾಲ್‌ಚಂದ್‌ರಿಗೆ ವಿಮಾನದಲ್ಲಿ ವಿಲಿಯಂ ಪಾಲಿ ಪರಿಚಯವಾದದ್ದು. ಪಾಲಿ ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸ್ತಿದ್ದ ಅಮೆರಿಕನ್. ಯುದ್ಧಕ್ಕೆ ವಿಮಾನ ಬೇಕಿತ್ತು, ಹಾಗಾಗಿ ಅದಕ್ಕೆ ಒಪ್ಪಿಗೆ ಸಿಕ್ತು. 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಹುಟ್ಟಿತು, ಅಂದ್ರೆ ನಮ್ಮ ಎಚ್‌ಎಎಲ್. ಕಾರಿನ ಕಾರ್ಖಾನೆ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಅನ್ನೋ ಹೆಸರಲ್ಲಿ ಬೊಂಬಾಯಿ ಕಡೆ ಹೋಯ್ತು. 1947ರಿಂದ ಅಲ್ಲಿ ಡಾಡ್ಜ್, ಪ್ಲಿಮತ್‌ಗಳನ್ನು ಜೋಡಿಸತೊಡಗಿದರು. ಕ್ರಮೇಣ ಅಮೆರಿಕದ ದೊಡ್ಡ ಕಾರು ಬಿಟ್ಟು ಅದೇ ಕಂಪನಿ ಇಟಲಿಯ ಫಿಯೆಟ್ 1100 ಹಿಡೀತು. 1970ರ ದಶಕದಲ್ಲಿ ಅದೇ ಪ್ರೀಮಿಯರ್ ಪದ್ಮಿನಿ ಆಯ್ತು. 1089 ಸಿಸಿ, ಸುಮಾರು 40 ಅಶ್ವಶಕ್ತಿ. ಹೆಮಿಗೆ ಹೋಲಿಸಿದರೆ ಆನೆ ಮುಂದೆ ಆಡಿನ ಮರಿ!

ಹಾಗಂತ ನಮ್ಮವರು ಸುಮ್ಮನೆ ಕೂರಲಿಲ್ಲ. ಮದ್ರಾಸಿನ ಹತ್ತಿರದ ಶೋಳಾವರಂ, ಕಲ್ಕತ್ತೆಯ ಬ್ಯಾರಕ್‌ಪುರ, ನಮ್ಮ ಬೆಂಗಳೂರಿನ ಆಗ್ರಂ... ಯುದ್ಧಕಾಲದ ವಿಮಾನಪಟ್ಟಿಗಳಂಥ ಜಾಗಗಳಲ್ಲೇ ರೇಸ್ ನಡೀತಿತ್ತು. ಫಿಯೆಟ್, ಅಂಬಾಸಿಡರ್, ಹೆರಾಲ್ಡ್‌ಗಳೇ ನಮ್ಮ ಸೆಡಾನ್ ರೇಸಿನ ಕುದುರೆಗಳು. ಹೆಡ್ ಉಜ್ಜಿಸಿ ಕಂಪ್ರೆಶನ್ ಏರಿಸೋದು, ಜೋಡಿ ಕಾರ್ಬ್ಯುರೇಟರ್ ಕೂರಿಸೋದು, ಸೀಟು ಕಿತ್ತು ತೂಕ ಇಳಿಸೋದು. ನಮ್ಮ ಉತ್ತರಹಳ್ಳಿಯ ಒಬ್ಬ ಹಳೇ ಮೆಕ್ಯಾನಿಕ್ಕು ಇವತ್ತಿಗೂ ಎಂಜಿನ್ ಸದ್ದು ಕೇಳಿಯೇ ಟೈಮಿಂಗ್ ಎಷ್ಟು ತಪ್ಪಿದೆ ಅಂತ ಹೇಳ್ತಾರೆ. ಈ ವಿದ್ಯೆ ಯಾವ ಇಂಜಿನಿಯರಿಂಗ್ ಕಾಲೇಜಿನಲ್ಲೂ ನನಗೆ ಸಿಗಲಿಲ್ಲ.

ನನ್ನನ್ನು ಕಾಡೋದು ಇಷ್ಟೇ. ಅಮೆರಿಕದಲ್ಲಿ ಟ್ರ್ಯಾಕಿನಲ್ಲಿ ಕಲಿತದ್ದು ಕಾರ್ಖಾನೆಗೆ ಹೋಗ್ತಿತ್ತು, ಅಲ್ಲಿಂದ ಮುಂದಿನ ವರ್ಷದ ಕಾರಿಗೆ ಇಳೀತಿತ್ತು. ನಮ್ಮಲ್ಲಿ ಕಲಿತದ್ದು ಗ್ಯಾರೇಜಿನಲ್ಲೇ ಉಳೀತು. ಕಾರು ಬುಕ್ ಮಾಡಿ ವರ್ಷಗಟ್ಟಲೆ ಕಾಯುವ ಜನ ಇರುವಾಗ ಕಂಪನಿಗೆ ಎಂಜಿನ್ ಸುಧಾರಿಸುವ ದರ್ದು ಏನಿತ್ತು? ಸುಮಾರು 2000ದಲ್ಲಿ ಪದ್ಮಿನಿ ನಿಲ್ಲುವವರೆಗೂ ಅದರ ಒಡಲಲ್ಲಿದ್ದದ್ದು ಹೆಚ್ಚುಕಡಿಮೆ ಅದೇ ಹಳೇ ಎಂಜಿನ್ ಸಂಸಾರ.

ಕ್ರೈಸ್ಲರ್ ಕಾರ್ಖಾನೆ ಇಲ್ಲಿಗೆ ಬಂದಿದ್ದರೆ ನಮ್ಮ ರಸ್ತೆಯಲ್ಲಿ ಹೆಮಿ ಓಡ್ತಿತ್ತು ಅಂತೇನೂ ನಾನು ಹೇಳಲ್ಲ. ಪೆಟ್ರೋಲ್ ರೇಟು ನೋಡಿದ್ರೆ ಗೊತ್ತಾಗುತ್ತೆ! ಲೆಕ್ಕ ಇನ್ನೊಂದು ಕಡೆಯಿಂದಲೂ ಹಾಕಬೇಕು. ಕಾರಿನ ಬದಲು ಬಂದ ಎಚ್‌ಎಎಲ್ಲು, ಅದರ ಜೊತೆ ಬೆಳೆದ ಕಾರ್ಖಾನೆಗಳು, ಲ್ಯಾಬುಗಳು, ಕಾಲೇಜುಗಳಿಂದಲೇ ಈ ಊರಿಗೆ ಇಂಜಿನಿಯರುಗಳ ಊರು ಅಂತ ಹೆಸರು ಬಂದದ್ದು. ಎಲೆಕ್ಟ್ರಾನಿಕ್ ಸಿಟಿ ಕಡೆ ದಿನಾ ಬಸ್ ಹಿಡಿಯುವ ನನ್ನ ಅನ್ನವೂ ಒಂದು ರೀತಿ ಆ ಸಾಲಿನಲ್ಲೇ ಬಂದದ್ದು. ಕಾರು ಹೋಗಿದ್ದಕ್ಕೆ ಬೇಸರಪಡಲೋ, ವಿಮಾನ ಬಂದಿದ್ದಕ್ಕೆ ಖುಷಿಪಡಲೋ?

ನನಗಂತೂ ಬೇಸರ ಆ ಗ್ಯಾರೇಜಿನ ವಿದ್ಯೆಯ ಬಗ್ಗೆ. ಅದನ್ನು ಯಾರೂ ಬರೆದಿಟ್ಟಿಲ್ಲ, ಕನ್ನಡದಲ್ಲಂತೂ ಇಲ್ಲವೇ ಇಲ್ಲ ಅನ್ನಬೇಕು. ನಿಮ್ಮ ಮನೆಯ ಹಿರಿಯರಲ್ಲಿ ಯಾರಾದ್ರೂ ಆಗ್ರಂ ರೇಸು ನೋಡಿದವರು, ಫಿಯೆಟ್ ಎಂಜಿನ್ ತಿದ್ದಿದವರು ಇದ್ದರೆ ಒಂದು ಸಂಜೆ ಕೂತು ಕೇಳಿ ಬರೆದಿಡಿ, ಪ್ಲೀಸ್. ಓದೋಕೆ ನಾನಿದ್ದೀನಿ.