ಕಿರಾಣಿ ಅಂಗಡಿಯ ಸ್ಕಾಚ್

ಅಬಕಾರಿ ಸುಂಕ ಏರಿದ ಸುದ್ದಿ ಓದಿದ ದಿನ ನನ್ನ ಫೋನಿಗೆ ಒಂದು ಪ್ರಶ್ನೆ ಬರೋದು ತಪ್ಪಲ್ಲ: 'ಸಾರ್, ಕಮ್ಮಿ ದುಡ್ಡಿಗೆ ಒಳ್ಳೇ ಸ್ಕಾಚ್ ಯಾವುದು?' ಕುಡಿಯಿರಿ ಅಂತ ನಾನು ಯಾರಿಗೂ ಹೇಳಲ್ಲ. ಆದರೆ ದುಡ್ಡು ಕೊಟ್ಟವನು ಮೋಸ ಹೋಗಬಾರದು. ಈ ಮಾತಿಗೆ ದೊಡ್ಡ ಇತಿಹಾಸವೇ ಇದೆ.

ಸಿಂಗಲ್ ಮಾಲ್ಟ್ ಅಂದ್ರೆ ಶ್ರೇಷ್ಠ, ಬ್ಲೆಂಡೆಡ್ ಅಂದ್ರೆ ಕಲಬೆರಕೆ ಅಂತ ಅನೇಕರು ತಿಳಿದಿದ್ದಾರೆ. ತಪ್ಪು! ಸ್ಕಾಚ್ ಜಗತ್ತನ್ನು ಗೆದ್ದಿದ್ದೇ ಬ್ಲೆಂಡ್‌ನಿಂದ. ಮೊಳಕೆ ಬಾರ್ಲಿಯಿಂದ ತಾಮ್ರದ ಹಂಡೆಯಲ್ಲಿ ಇಳಿಸಿದ ಮಾಲ್ಟ್ ವಿಸ್ಕಿಯ ರುಚಿ ಗಾಢ, ಒಂದು ಪೀಪಾಯಿಯಂತೆ ಇನ್ನೊಂದಿಲ್ಲ. 1830ರಲ್ಲಿ ಐರ್ಲೆಂಡಿನ ಮಾಜಿ ಅಬಕಾರಿ ಅಧಿಕಾರಿ ಈನಿಯಸ್ ಕಾಫಿ, ನಿಲ್ಲದೆ ಬಟ್ಟಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಹಗುರವಾದ, ಅಗ್ಗದ ಗ್ರೇನ್ ವಿಸ್ಕಿ ಧಾರಾಳವಾಗಿ ಬರತೊಡಗಿತು. 1860ರ ಕಾನೂನು, ಸುಂಕ ಕಟ್ಟುವ ಮೊದಲೇ ಗೋದಾಮಿನಲ್ಲಿ ಇವೆರಡನ್ನೂ ಬೆರೆಸಲು ಬಿಟ್ಟಿತು.

ಈ ವ್ಯಾಪಾರ ಬೆಳೆಸಿದವರು ಯಾರು ಗೊತ್ತಾ? ಕಿರಾಣಿ ಅಂಗಡಿಯವರು! ಕಿಲ್ಮಾರ್ನಾಕ್‌ನ ಜಾನ್ ವಾಕರ್, ಅಬರ್ಡೀನ್‌ನ ಶಿವಾಸ್ ಸಹೋದರರು, ಎಡಿನ್‌ಬರೋದ ಜಾರ್ಜ್ ಬ್ಯಾಲಂಟೈನ್, ಎಲ್ಲರೂ ಚಿಲ್ಲರೆ ದಿನಸಿಯಿಂದಲೇ ಮೇಲೆ ಬಂದವರು. ಅದೇ ಹೊತ್ತಿಗೆ ಫ್ರಾನ್ಸಿನ ದ್ರಾಕ್ಷಿ ಬೇರಿಗೆ ಫಿಲಾಕ್ಸೆರಾ ಕೀಟ ಬಿತ್ತು, ಬ್ರಾಂದಿಗೆ ಬರ ಬಂತು. ಖಾಲಿಯಾದ ಲಂಡನ್ನಿನ ಗ್ಲಾಸುಗಳಿಗೆ ಬ್ಲೆಂಡೆಡ್ ಸ್ಕಾಚ್ ಇಳಿಯಿತು.

ದುಡ್ಡು ಬಂದ ಕಡೆ ಮೋಸವೂ ಬರುತ್ತೆ. ಲೀತ್ ಬಂದರಿನ ಪ್ಯಾಟಿಸನ್ ಸಹೋದರರು ಜಾಹೀರಾತಿಗೆ ಹಣ ಸುರಿದು ಮೆರೆದರು. 1898ರಲ್ಲಿ ಕಂಪನಿ ಕುಸಿಯಿತು. ಅಗ್ಗದ ವಿಸ್ಕಿಯನ್ನು ಉತ್ತಮ ಗ್ಲೆನ್‌ಲಿವೆಟ್ ಎಂದು ಮಾರಿದ್ದು ಬಯಲಾಗಿ, 1901ರಲ್ಲಿ ಇಬ್ಬರೂ ಜೈಲಿಗೆ ಹೋದರು. ನೋಡಿ, ಅವರ ಗಿರಾಕಿಗಳು ಕೊಟ್ಟಿದ್ದು ದೊಡ್ಡ ಬೆಲೆಯನ್ನೇ, ಸಿಕ್ಕಿದ್ದು ಮಾತ್ರ ಅಗ್ಗದ ಮಾಲು.

1905ರಲ್ಲಿ ಲಂಡನ್ನಿನ ಇಸ್ಲಿಂಗ್ಟನ್ ಪುರಸಭೆ ಪಬ್ ಮಾಲೀಕರನ್ನು ಕೋರ್ಟಿಗೆ ಎಳೆಯಿತು. ಗಿರಾಕಿ ಕೇಳಿದ್ದು ವಿಸ್ಕಿ, ನೀವು ಕೊಟ್ಟಿದ್ದು ವಿಸ್ಕಿಯೇ ಅಲ್ಲ ಅನ್ನೋದು ಆರೋಪ. ಹಾಗಾದ್ರೆ ವಿಸ್ಕಿ ಅಂದ್ರೆ ಏನು? ಇದಕ್ಕೆ ಉತ್ತರ ಹುಡುಕಲು ರಾಯಲ್ ಕಮಿಷನ್ನೇ ಕೂರಬೇಕಾಯಿತು. 1909ರಲ್ಲಿ ಅದು ಮಾಲ್ಟ್, ಗ್ರೇನ್ ಎರಡೂ ವಿಸ್ಕಿಯೇ ಎಂದಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಪೀಪಾಯಿಯಲ್ಲಿ ಮಾಗಿಸಲೇಬೇಕಾದ ಅವಧಿ ಮೂರು ವರ್ಷಕ್ಕೆ ನಿಗದಿಯಾಯಿತು.

ಇವತ್ತಿನ ಗಿರಾಕಿಗೆ ಕಾವಲಾಗಿ ನಿಂತಿರುವುದು ಈ ಜಗಳದ ಫಲ. ಲೇಬಲ್ ಮೇಲೆ 'ಸ್ಕಾಚ್ ವಿಸ್ಕಿ' ಎಂದಿದ್ದರೆ ಅದು ಸ್ಕಾಟ್ಲೆಂಡಿನಲ್ಲೇ ಬಟ್ಟಿ ಇಳಿಸಿ, ಅಲ್ಲೇ ಓಕ್ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಮಾಗಿದ್ದಿರಬೇಕು. ಅಗ್ಗದ ಬಾಟಲಿಗೂ ಇದೇ ನಿಯಮ, ದುಬಾರಿಗೂ ಇದೇ. 12 ವರ್ಷ ಎಂದಿದ್ದರೆ, ಅದರಲ್ಲಿ ಬೆರೆತ ಅತಿ ಎಳೆಯ ವಿಸ್ಕಿಗೂ ಅಷ್ಟು ವಯಸ್ಸಾಗಿರಬೇಕು.

ಇನ್ನು ನಮ್ಮೂರಿಗೆ ಬನ್ನಿ. ಟೀಚರ್ಸ್, 100 ಪೈಪರ್ಸ್, ಬ್ಲ್ಯಾಕ್ ಅಂಡ್ ವೈಟ್, ವ್ಯಾಟ್ 69 ಮುಂತಾದವು ಅಲ್ಲೇ ಮಾಗಿ, ದೊಡ್ಡ ಪ್ರಮಾಣದಲ್ಲಿ ಬಂದು, ಇಲ್ಲಿ ಬಾಟಲಿಗೆ ಇಳಿಯುತ್ತವೆ. 'ಬಾಟಲ್ಡ್ ಇನ್ ಇಂಡಿಯಾ' ಎಂದು ಕಂಡರೆ ಮೂಗು ಮುರಿಯಬೇಡಿ, ಅದೂ ಸ್ಕಾಚೇ. ಬೆಲೆ ಕಮ್ಮಿಯಾಗಲು ಅದೂ ಒಂದು ಕಾರಣ. ಆದರೆ 'ಸ್ಕಾಚ್ ಮಾಲ್ಟ್ ಬೆರೆಸಿದ ವಿಸ್ಕಿ' ಬೇರೆಯೇ ಸರಕು. ಅದರಲ್ಲಿ ಸ್ಕಾಚ್ ಒಂದು ಪಾಲು ಮಾತ್ರ, ಉಳಿದದ್ದು ಇಲ್ಲಿನ ಸ್ಪಿರಿಟ್. ಕಾಕಂಬಿಯದೂ ಇರಬಹುದು.

ಹಾಗಾಗಿ ಮೆಸೇಜ್ ಮಾಡೋ ಗೆಳೆಯರಿಗೆ ನಾನು ಬ್ರ್ಯಾಂಡ್ ಹೆಸರು ಹೇಳಲ್ಲ. ಮೊದಲು ಲೇಬಲ್ ಓದಿ, ಆಮೇಲೆ ಬೆಲೆ ನೋಡಿ ಅಂತೀನಿ. ಪ್ಯಾಟಿಸನ್‌ಗಳ ಗಿರಾಕಿಗಳಿಗೆ ಆ ಕಾವಲಿರಲಿಲ್ಲ. ನಿಮಗಿದೆ.